ಅದಿರಿನ ಹಡಗು, ಅದಿರಿನ ಲಾರಿ

ಕೆರೆಗೆ ಸಮುದ್ರವೆಂದು ಹೆಸರಿಡುವುದು ನಮ್ಮ ಕಡೆಯ ಹಳೆಯ ರೂಢಿ. ನಮ್ಮೂರೇ ಭೀಮಸಮುದ್ರ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ನೀರು ವಾಣಿವಿಲಾಸ ಸಾಗರ. ಆಚೆ ಚನ್ನಗಿರಿಯ ಸೂಳೆಕೆರೆ ಶಾಂತಿಸಾಗರ. ಮಳೆ ಕಡಿಮೆಯಿರುವ ಸೀಮೆಯಲ್ಲಿ ನೀರು ಒಂದು ಕಡೆ ನಿಂತಿತೆಂದರೆ ಅದನ್ನು ಸಮುದ್ರವೆಂದು ಕರೆದು ಸಂತೋಷಪಟ್ಟ ಜನ ನಾವು. ಆ ಸಂತೋಷವೂ ದಿನಾ ಸಿಗುವಂಥದ್ದಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ಕಡಲನ್ನು ಒಮ್ಮೆಯೂ ಕಾಣದೆ ತೀರಿಕೊಂಡ ನಮ್ಮಜ್ಜಿ, ಕೆರೆಯ ಏರಿಯ ಮೇಲೆ ಹೋಗಿ ಬಂದ ದಿನ "ಸಮುದ್ರದ ಗಾಳಿ ಕುಡ್ಕೊಂಡು ಬಂದೆ ಕಣೆ" ಎನ್ನುತ್ತಿದ್ದಳು. ಆ ಸಮುದ್ರದಲ್ಲಿ ಮೀನು ಹಿಡಿಯುವವರ ಹರಿಗೋಲು ಬಿಟ್ಟರೆ ಬೇರೆ ನಾವೆಯನ್ನು ನಾನಂತೂ ಕಂಡಿಲ್ಲ.

ಹಡಗಿಲ್ಲ, ಆದರೆ ಹಡಗಿಗೆ ತುಂಬುವ ಸರಕಿದೆ. ಊರ ಸುತ್ತ ಅಡಿಕೆ ತೋಟ, ತೋಟದಾಚೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ಅಡಿಕೆಯ ಕಥೆ ದೊಡ್ಡದು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಅದಿರಿನ ಕಥೆಯೂ ನಮ್ಮ ಜಿಲ್ಲೆಗೆ ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಮೈಸೂರು ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರೆಯಲು ಇಂಗ್ಲಿಷರ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಅವನು ಹೊಸದುರ್ಗದ ಕಡೆಯ ಮತ್ತೋಡಿಗೂ ಬಂದಿದ್ದ. ಅಲ್ಲಿ ಗಾಜಿನ ಬಳೆ ಮಾಡುತ್ತಿದ್ದ ಕುಲುಮೆಗಳನ್ನೂ, ಅದಿರು ಕಾಸಿ ಕಬ್ಬಿಣ ತೆಗೆಯುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಹೆಂಗಸರ ಕೈಬಳೆಯೂ ಗಂಡಸರ ಗುದ್ದಲಿಯೂ ಒಂದೇ ನೆಲದ ಬೆಂಕಿಯಲ್ಲಿ ಹುಟ್ಟುತ್ತಿದ್ದ ಕಾಲ. ಗುಡ್ಡದಿಂದ ತಂದ ಅದಿರು ಪಕ್ಕದ ಊರಿನಲ್ಲೇ ಕರಗಿ, ನೇಗಿಲ ಗುಳವೋ ಕುಡುಗೋಲೋ ಆಗಿ ನಮ್ಮ ಹೊಲಕ್ಕೇ ಬರುತ್ತಿತ್ತು. ಅದಿರು ಎಲ್ಲಿಗೆ ಹೋಯಿತು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಆ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬ ಅಮೆರಿಕದ ಮುದುಕಿ.

2023ರಲ್ಲಿ ಮಗಳ ಬಾಣಂತನಕ್ಕೆಂದು ಬೇಸಿಗೆ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿಕೊಂಡು ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ಎಂಬ ಊರಿಗೆ ಹೋಗಿದ್ದೆ. ಅಂಟಿನುಂಡೆ, ಶುಂಠಿ ಲೇಹ, ಮಗುವಿಗೆ ಹಳೆಯ ಪಂಚೆಯ ಮೆತ್ತನೆ ಬಟ್ಟೆ, ಇಷ್ಟೂ ಹೊತ್ತುಕೊಂಡು ಹೋದವಳಿಗೆ ಅಲ್ಲಿ ಬೆಳಿಗ್ಗೆ ಹತ್ತರ ಮೇಲೆ ಮಾಡಲು ಕೆಲಸವಿಲ್ಲ. ಬಾಣಂತಿಯೂ ಮಗುವೂ ಮಲಗಿದರೆ ಮನೆಯೆಲ್ಲ ನಿಶ್ಶಬ್ದ. "ಅಮ್ಮ, ಹತ್ತು ನಿಮಿಷ ನಡೆದರೆ ನದಿ ಇದೆ, ಹೋಗಿ ಬಾ. ಶಾಲು ಮರೀಬೇಡ" ಎಂದಳು ಮಗಳು. ಹೋದೆ.

ಅದು ಸೇಂಟ್ ಕ್ಲೇರ್ ನದಿ. ಹ್ಯೂರಾನ್ ಸರೋವರದ ನೀರು ತೆಂಕಣಕ್ಕೆ ಹರಿದು ಹೋಗುವ ದಾರಿ. ಈ ದಡ ಅಮೆರಿಕ, ಆ ದಡ ಕೆನಡಾದ ಸಾರ್ನಿಯಾ. ಎರಡನ್ನೂ ಸೇರಿಸುವ ಜೋಡಿ ಸೇತುವೆಗಳಲ್ಲಿ ಹಳೆಯದನ್ನು 1938ರಲ್ಲಿ, ಹೊಸದನ್ನು 1997ರಲ್ಲಿ ತೆರೆದರಂತೆ. ಥಾಮಸ್ ಆಲ್ವಾ ಎಡಿಸನ್ ಹುಡುಗನಾಗಿದ್ದಾಗ ಇದೇ ಊರಿನಿಂದ ಡೆಟ್ರಾಯಿಟ್‌ಗೆ ಹೋಗುವ ರೈಲಿನಲ್ಲಿ ಪತ್ರಿಕೆ ಮಾರುತ್ತಿದ್ದ. ಇಪ್ಪತ್ತೈದು ವರ್ಷಕ್ಕೂ ಮೇಲೆ ಎಡಿಸನ್ ಪಾಠ ಮಾಡಿದವಳಿಗೆ ಅವನ ಪ್ರತಿಮೆಯ ಮುಂದೆ ನಿಂತಾಗ ಹಳೆಯ ವಿದ್ಯಾರ್ಥಿ ಸಿಕ್ಕಂತಾಯಿತು.

ಅಲ್ಲಿ ನಿಂತಿದ್ದಾಗಲೇ ನದಿಯ ತಿರುವಿನಲ್ಲಿ ಮರಗಳ ಹಿಂದೆ ಒಂದು ಬೀದಿಗೆ ಬೀದಿಯೇ ಕದಲಿದಂತೆ ಕಂಡಿತು. ಹಡಗು! ಸದ್ದಿಲ್ಲ, ಅವಸರವಿಲ್ಲ. ಮೂತಿ ನನ್ನನ್ನು ದಾಟಿ ಹೋಗಿ ಎಷ್ಟೋ ಹೊತ್ತಾದ ಮೇಲೆ ಬಾಲ ಬಂತು. ಕಲ್ಲೆಸೆದರೆ ತಾಗೀತೇನೋ ಎನ್ನುವಷ್ಟು ಹತ್ತಿರ. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮುದುಕಿಯೊಬ್ಬರು ದುರ್ಬೀನು ಇಳಿಸಿ, ಪುಸ್ತಕವೊಂದರಲ್ಲಿ ಹೊತ್ತು ಗುರುತು ಹಾಕಿಕೊಂಡು, ನನ್ನ ಸೀರೆಯನ್ನೂ ಅದರ ಮೇಲಿನ ಸ್ವೆಟರನ್ನೂ ನೋಡಿ ನಕ್ಕು, "ಮೆಸಾಬಿ ಮೈನರ್. ಸಾವಿರದ ನಾಲ್ಕು ಅಡಿ" ಎಂದರು, ನೆಂಟರ ಮಗುವಿನ ಹೆಸರು ಹೇಳುವಂತೆ. ಸಾವಿರದ ನಾಲ್ಕು ಅಡಿಯೆಂದರೆ ಹದಿಮೂರು ಬೋಗಿಯ ರೈಲಿನಷ್ಟು ಉದ್ದ.

ಆಮೇಲೆ ದಿನಾ ಹೋದೆ. ಅವರೂ ನನ್ನ ಹಾಗೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಂಡ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದವರು, ತೀರಿಕೊಂಡಿದ್ದರು. ಹಡಗು ನೋಡುವುದು ಅಲ್ಲಿ ಎಷ್ಟೋ ಜನರ ಹವ್ಯಾಸ. ನಾವು ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಹೋಗಿಬರುವವರನ್ನು ನೋಡುವುದಿಲ್ಲವೇ, ಹಾಗೆ ಎಂದುಕೊಂಡಿದ್ದೆ. ಅಲ್ಲ, ಅದಕ್ಕೊಂದು ಶಾಸ್ತ್ರವೇ ಇದೆ. ಸರೋವರಗಳಲ್ಲೇ ಹುಟ್ಟಿ ಅಲ್ಲೇ ಸವೆಯುವ ಹಡಗು ಬೇರೆ, ಅಟ್ಲಾಂಟಿಕ್ ಸಾಗರದಿಂದ ಒಳಗೆ ಬರುವ ಹಡಗು ಬೇರೆ. ಮೊದಲಿನದಕ್ಕೆ 'ಲೇಕರ್' ಎಂದೂ ಎರಡನೆಯದಕ್ಕೆ 'ಸಾಲ್ಟಿ', ಅಂದರೆ ಉಪ್ಪಿನವನು ಎಂದೂ ಹೆಸರು. ಹೊಗೆಗೊಳವೆಗೆ ಬಳಿದ ಬಣ್ಣ ನೋಡಿ ಯಾವ ಕಂಪನಿಯದೆಂದು ಹೇಳುತ್ತಾರೆ. ನೀರಿನಿಂದ ಮೇಲೆ ಎಷ್ಟು ಎದ್ದಿದೆ ಎಂದು ನೋಡಿ ತುಂಬಿದ್ದೋ ಖಾಲಿಯೋ ಹೇಳುತ್ತಾರೆ. ಮೂರು ಉದ್ದ, ಎರಡು ಗಿಡ್ಡ ಸೀಟಿ ಊದಿದರೆ ಅದು ಕಪ್ತಾನನ ನಮಸ್ಕಾರ. ಹಡಗುಗಳ ಪಟ್ಟಿ, ಉದ್ದ, ವಯಸ್ಸು ಎಲ್ಲ ಕೊಡುವ 'ನೋ ಯುವರ್ ಷಿಪ್ಸ್' ಎಂಬ ಕೈಪುಸ್ತಕ 1959ರಿಂದ ಬರುತ್ತಿದೆ. ನಮ್ಮ ಮನೆಗಳಲ್ಲಿ ಗೋಡೆಯ ಮೊಳೆಗೆ ಪಂಚಾಂಗ ತೂಗುವ ಹಾಗೆ ಅವರ ಕಾರಿನಲ್ಲಿ ಅದು. ಈಗ ಮೊಬೈಲಿನಲ್ಲಿ ಯಾವ ಹಡಗು ಎಲ್ಲಿದೆ ಎಂದು ಕಾಣುತ್ತದೆ. ಆದರೂ ಆಕೆ ಮೊದಲು ಕಣ್ಣಿನಿಂದ ಗುರುತಿಸಿ, ಆಮೇಲೆ ಮೊಬೈಲಿನಲ್ಲಿ ತಾಳೆ ನೋಡುತ್ತಿದ್ದರು.

ನನಗೆ ಅತಿ ಇಷ್ಟವಾದದ್ದು ಟಪಾಲಿನ ಸಂಗತಿ. ಡೆಟ್ರಾಯಿಟ್ ನದಿಯಲ್ಲಿ 1874ರಿಂದ ಹಡಗುಗಳ ಸೇವೆ ಮಾಡುತ್ತ ಬಂದ ವೆಸ್ಟ್‌ಕಾಟ್ ಕಂಪನಿಯದೊಂದು ಪುಟ್ಟ ಅಂಚೆ ದೋಣಿ ಇದೆ. ಹೋಗುತ್ತಿರುವ ಹಡಗಿನ ಪಕ್ಕಕ್ಕೆ ಅದು ಹೋಗಿ ಅಂಟಿಕೊಳ್ಳುತ್ತದೆ. ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಇಳಿಯುತ್ತದೆ, ಕಾಗದ ಹಾಕಿ ಕಳಿಸುತ್ತಾರೆ. ಹಡಗೂ ನಿಲ್ಲುವುದಿಲ್ಲ, ದೋಣಿಯೂ ನಿಲ್ಲುವುದಿಲ್ಲ. ನೀರಿನ ಮೇಲಿನ ಆ ವಿಳಾಸಕ್ಕೆ ಸ್ವಂತ ಪಿನ್‌ಕೋಡ್ ಕೂಡ ಉಂಟು. ಬಾವಿಯಿಂದ ನೀರು ಸೇದಿದ ನಮಗೆ ಈ ವಿದ್ಯೆ ಹೊಸದಲ್ಲ, ಆದರೆ ನಾವು ಎಂದೂ ಬಕೆಟ್ಟಿನಲ್ಲಿ ಕಾಗದ ಸೇದಿರಲಿಲ್ಲ.

ಒಂದು ದಿನ ಆಕೆ ಕೇಳಿದರು, "ನಿಮ್ಮೂರಿನಲ್ಲೂ ಹಡಗು ಬರುತ್ತವೆಯೇ?" ನಾನೆಂದೆ, "ಕೆರೆಯಿದೆ, ಹೆಸರು ಸಮುದ್ರ. ಹಡಗಿಲ್ಲ. ಆದರೆ ಈ ಹಡಗಿನಲ್ಲಿ ಹೋಗುತ್ತಿದೆಯಲ್ಲ, ಅದೇ ಕಬ್ಬಿಣದ ಅದಿರು ನಮ್ಮ ಗುಡ್ಡದಲ್ಲಿದೆ."

"ಹೌದೆ! ಯಾವುದರಲ್ಲಿ ಸಾಗಿಸುತ್ತಾರೆ?"

"ಲಾರಿಯಲ್ಲಿ."

"ಎಲ್ಲಿಗೆ?"

ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಆಕೆಗೆ ತಮ್ಮ ಹಡಗು ಯಾವ ಗಣಿಯ ಅದಿರನ್ನು ಯಾವ ಬಂದರಿನಲ್ಲಿ ತುಂಬಿಕೊಂಡು ಯಾವ ಊರಿನ ಕುಲುಮೆಗೆ ಒಯ್ಯುತ್ತಿದೆ ಎಂದು ಗೊತ್ತು. ನಮ್ಮ ಮನೆಯ ಮುಂದೆ ವರ್ಷಗಟ್ಟಲೆ ಹೋದ ಲಾರಿಗಳ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ ಶಬ್ದ, 'ಪೋರ್ಟು'. ಪೋರ್ಟಿಗೆ ಹೋಗುತ್ತದಂತೆ. ಯಾವ ಪೋರ್ಟು, ಅಲ್ಲಿಂದ ಮುಂದೆ ಯಾವ ದೇಶ? ಊರಿನಲ್ಲಿ ಅದನ್ನು ಕೇಳಿದವರೂ ಇರಲಿಲ್ಲ, ಹೇಳಿದವರೂ ಇರಲಿಲ್ಲ.

2025ರಲ್ಲಿ ಎರಡನೆಯ ಸಲ ಹೋದಾಗ ಅಳಿಯಂದಿರು ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಬಡಗಲಿಗೆ, ಸೂ ಸೇಂಟ್ ಮೇರಿ ಎಂಬ ಊರಿಗೆ ಕರೆದೊಯ್ದರು. ಸುಪೀರಿಯರ್ ಸರೋವರದ ನೀರು ಹ್ಯೂರಾನ್ ಕಡೆಗೆ ಇಳಿಯುವ ಜಾಗ ಅದು. ಸುಪೀರಿಯರ್ ಎಂದರೆ ಎಷ್ಟು ದೊಡ್ಡದೆನ್ನುತ್ತೀರಿ? ಎಂಬತ್ತೆರಡು ಸಾವಿರ ಚದರ ಕಿಲೋಮೀಟರು. ನಮ್ಮ ಇಡೀ ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತ ಹೆಚ್ಚು. ಅಷ್ಟು ನೀರನ್ನು ಇಂಗ್ಲಿಷಿನವರು ಬರೀ 'ಲೇಕ್' ಎಂದು ಕರೆದುಬಿಟ್ಟಿದ್ದಾರೆ. ಆದರೆ ಅವರಿಗಿಂತ ಮೊದಲಿದ್ದ ಒಜಿಬ್ವೆ ಜನ ಅದನ್ನು 'ಗಿಚಿಗಾಮಿ' ಎಂದಿದ್ದರು. ಮಹಾಸಾಗರ ಎಂದು ಅರ್ಥ. ಇದನ್ನು ಓದಿದಾಗ ನಮ್ಮಜ್ಜಿಯ ನೆನಪಾಯಿತು.

ಎರಡು ಸರೋವರಗಳ ನೀರಿನ ಮಟ್ಟಕ್ಕೆ ಅಲ್ಲಿ ಇಪ್ಪತ್ತೊಂದು ಅಡಿ ವ್ಯತ್ಯಾಸ. ನೀರು ಬಂಡೆಗಳ ಮೇಲೆ ಧುಮುಕಿ ಹರಿಯುತ್ತದೆ. ಒಜಿಬ್ವೆ ಜನಕ್ಕೆ ಅದು ಮೀನಿನ ಕಣಜವಾಗಿತ್ತು. ಹಡಗಿನವರಿಗೆ ಅಡ್ಡಗೋಡೆ. ಸರಕನ್ನು ಇಳಿಸಿ, ನೆಲದ ಮೇಲೆ ಹೊತ್ತು ಸಾಗಿಸಿ, ಮತ್ತೆ ಬೇರೆ ಹಡಗಿಗೆ ತುಂಬಬೇಕು. ಅಲ್ಲೊಂದು ಕಾಲುವೆ ತೋಡೋಣವೆಂದು 1840ರಲ್ಲಿ ಮಾತೆದ್ದಾಗ ಹೆನ್ರಿ ಕ್ಲೇ ಎಂಬ ದೊಡ್ಡ ರಾಜಕಾರಣಿ, ಅದು ಚಂದ್ರಲೋಕದಲ್ಲಿ ಕೆಲಸ ಮಾಡಿಸಿದಂತೆ ಎಂದು ಹಾಸ್ಯ ಮಾಡಿದ್ದ. ಅಷ್ಟರಲ್ಲಿ ಸುಪೀರಿಯರ್ ದಂಡೆಯಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಅದಿರು ಸಿಕ್ಕರೆ ಚಂದ್ರಲೋಕವೂ ಹತ್ತಿರವಾಗುತ್ತದೆ. 1853ರಲ್ಲಿ ಶುರುವಾದ ಕೆಲಸ 1855ರಲ್ಲಿ ಮುಗಿಯಿತು. ಅದೇ ಆಗಸ್ಟಿನಲ್ಲಿ 'ಕೊಲಂಬಿಯಾ' ಎಂಬ ಹಾಯಿ ಹಡಗು 132 ಟನ್ ಅದಿರು ಹೊತ್ತು ಆ ದಾರಿಯಲ್ಲಿ ದಾಟಿತು. ಈಗಿನ ಒಂದು ಹಡಗು ಅರವತ್ತು ಸಾವಿರ ಟನ್ ಮೀರಿ ಹೊರುತ್ತದೆ. ಅಂಥದ್ದು ಹಿಡಿಸುವ ಕಟ್ಟೆ ಅಲ್ಲಿ ಒಂದೇ ಇದೆ, 1969ರಲ್ಲಿ ತೆರೆದ 'ಪೋ' ಕಟ್ಟೆ.

ಕಟ್ಟೆ ಕೆಲಸ ಮಾಡುವುದನ್ನು ನೋಡಿದರೆ ನಮ್ಮ ತೂಬಿನ ಬುದ್ಧಿಯೇ. ಎರಡು ಕಡೆ ಬಾಗಿಲಿರುವ ಉದ್ದನೆಯ ತೊಟ್ಟಿ. ಮೇಲಿನ ಬಾಗಿಲು ತೆರೆದು ಹಡಗು ಒಳಗೆ ಬರುತ್ತದೆ, ಬಾಗಿಲು ಮುಚ್ಚುತ್ತಾರೆ. ತಳದ ತೂಬು ಎತ್ತಿ ನೀರು ಬಿಡುತ್ತಾರೆ. ತೊಟ್ಟಿಯ ನೀರು ಇಳಿದ ಹಾಗೆ ಹಡಗೂ ಇಳಿಯುತ್ತದೆ. ಕೆಳಗಿನ ಮಟ್ಟಕ್ಕೆ ಸರಿಯಾದಾಗ ಕೆಳಗಿನ ಬಾಗಿಲು ತೆರೆದರೆ ಮುಂದಕ್ಕೆ ಹೋಯಿತು. ಪಂಪು ಇಲ್ಲ, ನೀರು ತನ್ನ ತೂಕಕ್ಕೆ ತಾನೇ ಹರಿಯುತ್ತದೆ. ನೋಡುವವರಿಗೆಂದು ಮೆಟ್ಟಿಲುಕಟ್ಟೆ ಕಟ್ಟಿದ್ದಾರೆ. ಅಷ್ಟು ದೊಡ್ಡ ಹಡಗು ನಮ್ಮ ಕಣ್ಣೆದುರಿಗೇ ಮಹಡಿಯಿಂದ ನೆಲಕ್ಕೆ ಇಳಿದಂತೆ ಇಳಿಯಿತು. ಮೇಲೆ ನಿಂತ ನಾವಿಕನೊಬ್ಬ ಮೊಮ್ಮಗುವಿಗೆ ಕೈಬೀಸಿದ. ಅದು ಅಳುವುದನ್ನು ಬಿಟ್ಟು ನೋಡಿತು.

ಅಲ್ಲಿನ ಅದಿರಿನ ಮುಖ್ಯ ಗುಡ್ಡಸಾಲಿನ ಹೆಸರು ಮೆಸಾಬಿ. ಮಿನೆಸೋಟ ರಾಜ್ಯದಲ್ಲಿದೆ. ಒಜಿಬ್ವೆ ಭಾಷೆಯಲ್ಲಿ ಮೆಸಾಬಿ ಎಂದರೆ ದೈತ್ಯ. ನಮ್ಮೂರಿಗೂ ಭೀಮನದೇ ಹೆಸರು, ನೋಡಿ. 1890ರಲ್ಲಿ ಮೆರಿಟ್ ಎಂಬ ಅಣ್ಣತಮ್ಮಂದಿರು ಅಲ್ಲಿ ಅದಿರು ಕಂಡರು. ಮಣ್ಣಿನಂತೆ ಮೆತ್ತಗಿನ ಅದಿರು, ನೆಲದ ಮೇಲ್ಪದರಕ್ಕೇ ಹತ್ತಿರ. ರೈಲು ಹಾಕಲು ಸಾಲ ಮಾಡಿದರು. 1893ರಲ್ಲಿ ದೇಶಕ್ಕೆಲ್ಲ ಹಣದ ಮುಗ್ಗಟ್ಟು ಬಂದು ಗಣಿಯೂ ರೈಲೂ ಶ್ರೀಮಂತ ರಾಕ್‌ಫೆಲರನ ಕೈಸೇರಿತು. ಕಂಡುಹಿಡಿದವರೊಬ್ಬರು, ಉಂಡವರೊಬ್ಬರು. ಅದೇ ಸಾಲಿನಲ್ಲಿರುವ ಹಿಬ್ಬಿಂಗ್ ಎಂಬ ಊರಿನ ಕೆಳಗೇ ಅದಿರಿದೆ ಎಂದು ತಿಳಿದ ಮೇಲೆ, 1919ರಿಂದ ಊರನ್ನೇ ಎತ್ತಿ ಪಕ್ಕಕ್ಕೆ ಸಾಗಿಸಿದರು. ಮನೆಗಳನ್ನು ಬುಡಸಮೇತ ಎಬ್ಬಿಸಿ ದಿಮ್ಮಿಗಳ ಮೇಲೆ ಉರುಳಿಸಿದರು. ಆ ಮನೆಗಳ ಹೆಂಗಸರು ಒಲೆಯ ಮೇಲಿನ ಪಾತ್ರೆ ಇಳಿಸಿದರೋ ಇಲ್ಲವೋ ಎಂದು ನನಗೆ ಯೋಚನೆ. ಇತಿಹಾಸದ ಪುಸ್ತಕಗಳು ಇಂಥದ್ದನ್ನು ಹೇಳುವುದಿಲ್ಲ. ಆದರೂ ನಾನು ಮೊದಲ ದಿನ ಕಂಡ ಹಡಗಿಗೆ ಮೆಸಾಬಿ ಮೈನರ್, ಅಂದರೆ ಮೆಸಾಬಿಯ ಗಣಿಗಾರ ಎಂದು ಹೆಸರಿಟ್ಟಿದ್ದಾರಲ್ಲ, ಅದು ನನಗೆ ಹಿಡಿಸಿತು. ನಮ್ಮ ಯಾವ ಹಡಗಿಗಾಗಲಿ ಲಾರಿಗಾಗಲಿ ಅಗೆದವನ ಹೆಸರನ್ನು ಇಟ್ಟದ್ದು ನಾನು ಕಂಡಿಲ್ಲ.

ಹಡಗು ನೋಡುವವರು ಬರೀ ಸಂತೋಷಕ್ಕೆ ನೋಡುವುದಿಲ್ಲ ಎಂಬುದು 'ಎಡ್ಮಂಡ್ ಫಿಟ್ಜೆರಾಲ್ಡ್' ಹಡಗಿನ ಕಥೆ ಕೇಳಿದಾಗ ತಿಳಿಯಿತು. 1958ರಲ್ಲಿ ನೀರಿಗಿಳಿದಾಗ ಸರೋವರಗಳಲ್ಲೇ ದೊಡ್ಡ ಹಡಗು ಅದು, 729 ಅಡಿ. 1975ರ ನವೆಂಬರ್ 9ರಂದು ಇಪ್ಪತ್ತಾರು ಸಾವಿರ ಟನ್ ಅದಿರಿನ ಉಂಡೆ ತುಂಬಿಕೊಂಡು ಡೆಟ್ರಾಯಿಟ್ ಕಡೆಗೆ ಹೊರಟಿತು. ಪೋರ್ಟ್ ಹ್ಯೂರಾನಿನ ನದಿಯನ್ನೇ ಹಾದು ಹೋಗಬೇಕಿತ್ತು. ಮರುದಿನ ಸಂಜೆ ಬಿರುಗಾಳಿಯಲ್ಲಿ ಸುಪೀರಿಯರಿನ ತಳ ಸೇರಿತು. ಇಪ್ಪತ್ತೊಂಬತ್ತು ಜನ, ಒಬ್ಬರ ದೇಹವೂ ಸಿಗಲಿಲ್ಲ. ಮರುವರ್ಷ ಗಾರ್ಡನ್ ಲೈಟ್‌ಫುಟ್ ಎಂಬ ಕೆನಡಾದ ಗಾಯಕ ಅದರ ಮೇಲೆ ಹಾಡು ಕಟ್ಟಿ ಹಾಡಿದ, ಹಾಗಾಗಿ ಮಕ್ಕಳಿಗೂ ಆ ಹೆಸರು ಗೊತ್ತು. ಹಡಗಿನ ಗಂಟೆಯನ್ನು 1995ರಲ್ಲಿ ಮೇಲೆತ್ತಿ ತಂದು ಕಾಪಾಡಿದ್ದಾರೆ. ಆ ದಿನ ಹಿಂದೆಯೇ ಬರುತ್ತಿದ್ದ 'ಆರ್ಥರ್ ಎಂ. ಆಂಡರ್ಸನ್' 1952ರ ಹಡಗು. ಫಿಟ್ಜೆರಾಲ್ಡ್ ಮುಳುಗಿದ ಮೇಲೂ ದಶಕಗಟ್ಟಲೆ ಅದೇ ದಾರಿಯಲ್ಲಿ ಓಡಾಡಿತು. ಸಿಹಿನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದಿಲ್ಲ, ಹೀಗಾಗಿ ಅಲ್ಲಿನ ಹಡಗುಗಳಿಗೆ ಮನುಷ್ಯರಷ್ಟು ಆಯುಸ್ಸು. ನನ್ನ ಗೆಳತಿ ದುರ್ಬೀನಿನಲ್ಲಿ ನೋಡುತ್ತಿದ್ದದ್ದು ಹಡಗನ್ನೋ, ಅದರಲ್ಲಿ ಒಂದು ಕಾಲಕ್ಕೆ ಅಡುಗೆ ಮಾಡುತ್ತಿದ್ದವರನ್ನೋ, ನಾನು ಕೇಳಲಿಲ್ಲ.

ಇನ್ನು ನಮ್ಮ ಲಾರಿಗಳ ವಿಷಯ.

ನಮ್ಮ ಮಕ್ಕಳಿಗೂ ಈ ಹವ್ಯಾಸವಿತ್ತು ಎಂದರೆ ನೀವು ನಂಬಬೇಕು. ಚೀನಾ ದೇಶ ಅದಿರಿಗೆ ಬಾಯ್ತೆರೆದು ಕುಳಿತಿದ್ದ ವರ್ಷಗಳು, 2004ರಿಂದ 2010ರ ತನಕ. ಹಗಲೂ ರಾತ್ರಿ ಲಾರಿಗಳ ಸಾಲು. ನಾನಾಗ ಪಾಠ ಮಾಡುತ್ತಿದ್ದ ಶಾಲೆ ರಸ್ತೆಗೇ ಮುಖ ಮಾಡಿತ್ತು. ಕಿಟಕಿಯ ಪಕ್ಕದ ಬೆಂಚಿಗೆ ಹುಡುಗರಲ್ಲಿ ಜಗಳ. ಕೆಎ 16 ಎಂದರೆ ನಮ್ಮದು, 34 ಬಳ್ಳಾರಿ, 35 ಹೊಸಪೇಟೆ. ಹೊರ ರಾಜ್ಯದ ಲಾರಿ ಕಂಡರೆ ಎರಡು ಅಂಕ. ಹಾರ್ನಿನ ರಾಗ ಕೇಳಿಯೇ ಯಾರ ಲಾರಿ ಎಂದು ಹೇಳುವವನೊಬ್ಬನಿದ್ದ. ಲಾರಿಯ ಹಣೆಯ ಮೇಲಿನ ದೇವರ ಹೆಸರು, ಹಿಂದಿನ ಬಾಗಿಲಿನ ಗಾದೆ, ಟಾರ್ಪಾಲು ಕಟ್ಟಿದ್ದಾರೋ ಇಲ್ಲವೋ, ಎಲ್ಲ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ. ಎಷ್ಟೋ ಸಲ ಆ ಹಾಳೆಗಳನ್ನು ಹಿಡಿದು ಗದರಿಸಿದ್ದೇನೆ, ಆಮೇಲೆ ಸ್ಟಾಫ್ ರೂಮಿನಲ್ಲಿ ಕುಳಿತು ಆಸಕ್ತಿಯಿಂದ ಓದಿದ್ದೇನೆ. ಪೋರ್ಟ್ ಹ್ಯೂರಾನಿನ ಆ ಅಜ್ಜಿಯ ಪುಸ್ತಕಕ್ಕೂ ಅವಕ್ಕೂ ಏನೂ ಭೇದವಿರಲಿಲ್ಲ.

ಭೇದವಿದ್ದದ್ದು ದೂರದಲ್ಲಿ. ಆಕೆಗೂ ಹಡಗಿಗೂ ನಡುವೆ ನೀರಿತ್ತು. ನಮ್ಮ ಮಕ್ಕಳಿಗೂ ಲಾರಿಗೂ ನಡುವೆ ಒಂದು ಚರಂಡಿ. ಮಧ್ಯಾಹ್ನ ಮನೆಗೆ ಹೋಗುವ ಮಕ್ಕಳನ್ನು ರಸ್ತೆ ದಾಟಿಸುವುದೇ ನಮ್ಮ ದೊಡ್ಡ ಕೆಲಸ. ಇಬ್ಬರು ಶಿಕ್ಷಕಿಯರು ಕೈಕೈ ಹಿಡಿದು ಅಡ್ಡ ನಿಂತು, ನಡುವೆ ಮಕ್ಕಳನ್ನು ಬಿಡುತ್ತಿದ್ದೆವು. ಬೋರ್ಡಿನ ಮೇಲೆ ಬರೆದದ್ದು ಅಳಿಸಿದರೆ ಡಸ್ಟರಿನಲ್ಲಿ ಕೆಂಪು ಪುಡಿ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಸಂಜೆಗೆ ಇಟ್ಟಿಗೆ ಬಣ್ಣ. ಅಡಿಕೆಯ ಹಿಂಗಾರದ ಮೇಲೆ ಧೂಳು ಕೂತರೆ ಕಾಯಿ ಕಚ್ಚುವುದಿಲ್ಲವೆಂದು ತೋಟದವರ ಗೋಳು. ರಾತ್ರಿ ಕೆಮ್ಮುವ ಮುದುಕರು. ಹಾಗೆಂದು ಲಾರಿ ಬೇಡವೆಂದು ಎಲ್ಲರೂ ಒಂದೇ ಬಾಯಿಂದ ಹೇಳಿದರೇ? ಇಲ್ಲ. ಸಾಲ ಮಾಡಿ ಲಾರಿ ಕೊಂಡವರೂ ನಮ್ಮವರೇ, ಟೀ ಅಂಗಡಿ ಇಟ್ಟವಳೂ ನನ್ನ ವಿದ್ಯಾರ್ಥಿನಿಯ ತಾಯಿಯೇ. ಒಂದೇ ಮನೆಯಲ್ಲಿ ತೋಟ ನೋಡುವ ಅಣ್ಣ ಪ್ರತಿಭಟನೆಗೆ ಕೂರುವುದು, ಲಾರಿಯ ತಮ್ಮ ಊಟ ಬಿಟ್ಟು ಸಿಟ್ಟಾಗುವುದು, ಇಬ್ಬರಿಗೂ ಬಡಿಸುವ ತಾಯಿ ಅಳುವುದು, ಇವೆಲ್ಲ ನಾನು ಕಂಡದ್ದು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. 2010ರ ಮಾರ್ಚಿನಲ್ಲಿ ಕಾರವಾರದ ಕಡೆಯ ಬೇಲೆಕೇರಿ ಬಂದರಿನಲ್ಲಿ ಅಕ್ರಮವೆಂದು ಜಪ್ತಿ ಮಾಡಿದ್ದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಯಿತು. ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಅದೇ ಜುಲೈ 29ರಂದು ಬಳ್ಳಾರಿಯಲ್ಲೂ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ರಸ್ತೆ ಒಮ್ಮೆಲೇ ಮೌನವಾಯಿತು. ತರಗತಿಯಲ್ಲಿ ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಕಿಟಕಿ ಪಕ್ಕದ ಬೆಂಚಿಗೆ ಜಗಳ ನಿಂತಿತು. ಟೀ ಅಂಗಡಿ ಮುಚ್ಚಿತು, ಆ ಹುಡುಗಿ ಶಾಲೆ ಬಿಟ್ಟಳು. 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ತಪ್ಪು ಹೆಚ್ಚಿದ್ದವನ್ನು ರದ್ದು ಮಾಡಿ ಉಳಿದವಕ್ಕೆ ದಾರಿ ಬಿಟ್ಟ ಮೇಲೆ ಲಾರಿಗಳು ಮತ್ತೆ ಬಂದವು, ಆದರೆ ಅಳತೆಯ ಮೇಲೆ. ವರ್ಷಕ್ಕೆ ಇಷ್ಟೇ ಅಗೆಯಬೇಕೆಂಬ ಮಿತಿ 2022ರಲ್ಲಿ ನಮ್ಮ ಜಿಲ್ಲೆಗೂ ತುಮಕೂರಿಗೂ ಸೇರಿ 70 ಲಕ್ಷ ಟನ್ನಿನಿಂದ ಒಂದೂವರೆ ಕೋಟಿ ಟನ್ನಿಗೆ ಏರಿತು. ರಫ್ತಿಗೂ ಅದೇ ವರ್ಷ ಮೇ ತಿಂಗಳಲ್ಲಿ ಅಡ್ಡಿ ತೆಗೆದರು.

ಹಡಗಿನಲ್ಲಿ ಹೋದರೆ ಅದಿರಿಗೆ ಪಾಪವಿಲ್ಲ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಒಳ್ಳೆಯ ಅದಿರು ಮುಗಿಯುತ್ತ ಬಂದಾಗ ಟಾಕೊನೈಟ್ ಎಂಬ ಕಲ್ಲನ್ನು ಪುಡಿಮಾಡಿ, ಕಬ್ಬಿಣದ ಅಂಶ ಹೆಕ್ಕಿ, ಗೋಲಿಯಂಥ ಉಂಡೆ ಕಟ್ಟಲು ಕಲಿತರು. ಸುಪೀರಿಯರ್ ದಂಡೆಯ ಸಿಲ್ವರ್ ಬೇ ಎಂಬಲ್ಲಿ ಉಳಿದ ಕಲ್ಲಿನ ಪುಡಿಯನ್ನು ದಿನಕ್ಕೆ 67 ಸಾವಿರ ಟನ್ ಆ ಸರೋವರಕ್ಕೇ ಸುರಿದರು. 1973ರಲ್ಲಿ ಡುಲೂತ್ ಊರಿನ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ ಎಳೆಗಳು ಕಂಡವು. ತಾಯಂದಿರು ಮಕ್ಕಳಿಗೆ ನಲ್ಲಿ ನೀರು ಕೊಡಲು ಹೆದರಿದರು. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದು, ಸುರಿಯುವುದು ನಿಂತದ್ದು 1980ರಲ್ಲಿ. ನಮ್ಮ ಕುದುರೆಮುಖದ್ದೂ ಇದೇ ಜಾತಿಯ ಕಥೆ. ಇರಾನಿನ ಷಾಗೆಂದು ತೋಡಿದ ಗಣಿ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಕೊಳ್ಳುವವನೇ ಇಲ್ಲವಾದ. ಆದರೂ ಅದಿರಿನ ರಾಡಿಯನ್ನು 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸಿ ಪಣಂಬೂರಿನ ಹಡಗಿಗೆ ತಲುಪಿಸಿದರು. ಭದ್ರೆಯಲ್ಲಿ ಕೆಂಪು ಹೂಳು ತುಂಬಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ಮುಚ್ಚಿತು. ಅಲ್ಲಿ ಮನೆಯ ಮುಂದೆ ಲಾರಿಯಿರಲಿಲ್ಲ, ನಿಜ. ಕುಡಿಯುವ ನೀರಿಗೇ ಪೆಟ್ಟು ಬಿದ್ದಿತ್ತು.

ಊರಿಗೆ ಬಂದ ಮೇಲೆ ಏಳನೆಯ ತರಗತಿಗೆ ಒಂದು ಲೆಕ್ಕ ಕೊಟ್ಟೆ. ಮೆಸಾಬಿ ಮೈನರಿನಲ್ಲಿ 63,000 ಟನ್ ಹಿಡಿಸುತ್ತದೆ. ಒಂದು ಲಾರಿಗೆ 16 ಟನ್. ಒಂದು ಹಡಗು ತುಂಬಲು ಎಷ್ಟು ಲಾರಿ ಬೇಕು? ಸುಮಾರು ನಾಲ್ಕು ಸಾವಿರ. ನಿಮಿಷಕ್ಕೊಂದರಂತೆ ಹೋದರೆ ಎಷ್ಟು ಹೊತ್ತು? ಹಗಲೂ ರಾತ್ರಿ ಎರಡು ಮುಕ್ಕಾಲು ದಿನ. "ಮಿಸ್, ಹಂಗಾರೆ ಒಂದು ಹಡಗು ಹೋದ್ರೆ ನಾವು ಮೂರು ದಿನ ರೋಡ್ ದಾಟಂಗಿಲ್ಲ" ಎಂದಳು ಮುಂದಿನ ಬೆಂಚಿನ ಹುಡುಗಿ. ಆ ಲೆಕ್ಕದ ನಂತರ ಮಕ್ಕಳಿಂದಲೇ ಒಂದು ಪುಸ್ತಕ ಮಾಡಿಸಿದೆ. ಈ ಸಲ ಕದ್ದು ಬರೆಯುವುದು ಬೇಡ, ಎದುರಿಗೇ ಬರೆಯಿರಿ ಎಂದೆ. ಶಾಲೆ ಶುರುವಾಗುವ ಮತ್ತು ಬಿಡುವ ಅರ್ಧ ಗಂಟೆಗಳಲ್ಲಿ ಎಷ್ಟು ಲಾರಿ, ಟಾರ್ಪಾಲು ಇತ್ತೇ, ತುಂಬಿದ್ದೋ ಖಾಲಿಯೋ. ಒಂದು ತಿಂಗಳ ಪುಸ್ತಕವನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟೆವು. ಧೂಳು ಎಂದು ಕೂಗಿದರೆ ಯಾರೂ ತಲೆಯೆತ್ತದ ಸಭೆಯಲ್ಲಿ ಅಂಕಿಯ ಪುಸ್ತಕ ಕೈಯಿಂದ ಕೈಗೆ ಹೋಯಿತು. ಆ ಎರಡು ಅರ್ಧ ಗಂಟೆ ಲಾರಿ ಬಿಡಬಾರದೆಂದು ಬರೆದ ಅರ್ಜಿಯ ಜೊತೆ ಪುಸ್ತಕದ ನಕಲನ್ನೂ ಲಗತ್ತಿಸಿದೆವು. ಪುಸ್ತಕ ಈಗಲೂ ನಡೆಯುತ್ತಿದೆ. ಎರಡನೆಯದು ಮುಗಿಯುತ್ತ ಬಂದಿದೆ.

ಮೊನ್ನೆ ಬಸ್ಸಿಗೆ ಕಾಯುತ್ತಿದ್ದಾಗ ಲಾರಿಯೊಂದು ಮುಂದೆ ಹೋಗಿ ನಿಂತಿತು. ಚಾಲಕ ಇಳಿದು ಬಂದು ನಮಸ್ಕಾರ ಮಾಡಿದ. ಹಾರ್ನಿನ ರಾಗ ಕೇಳಿ ಹೆಸರು ಹೇಳುತ್ತಿದ್ದ ಹುಡುಗ, ಈಗ ಮೀಸೆ ಹೊತ್ತ ಗಂಡಸು, ಎರಡು ಮಕ್ಕಳ ತಂದೆ. ಮನೆ, ಮಕ್ಕಳು, ಸಾಲದ ಕಂತು ಎಲ್ಲ ವಿಚಾರಿಸಿಕೊಂಡ ಮೇಲೆ ಕೇಳಿದೆ, "ಇದು ಎಲ್ಲಿಗೆ ಹೋಗುತ್ತಪ್ಪ?"

"ರೈಲ್ವೆ ಸೈಡಿಂಗಿಗೆ ಮಿಸ್. ಅಲ್ಲಿ ಸುರಿದ್ರೆ ನನ್ನ ಕೆಲ್ಸ ಆಯ್ತು."

"ಅಲ್ಲಿಂದ ಮುಂದೆ?"

"ಒಂದೊಂದು ಗಾಡಿ ಬಳ್ಳಾರಿ ಕಡೆ ಹೋಗ್ತದೆ ಅಂತಾರೆ, ಫ್ಯಾಕ್ಟ್ರಿಗೆ. ಉಳಿದದ್ದು ಎಲ್ಲಿಗೋ." ಸ್ವಲ್ಪ ತಡೆದು, "ಕೇಳ್ಕೊಂಡು ಬಂದು ಹೇಳ್ತೀನಿ ಮಿಸ್. ಸೈಡಿಂಗ್ನಾಗೆ ಗುಮಾಸ್ತ ನಮ್ಮ ಪರಿಚಯದವನೇ" ಎಂದ.

ಲಾರಿ ಹತ್ತುವ ಮೊದಲು ಹಿಂದಕ್ಕೆ ಹೋಗಿ ಟಾರ್ಪಾಲಿನ ಹಗ್ಗವನ್ನು ಎಳೆದು ಬಿಗಿ ಮಾಡಿದ. ನಾನು ಚೀಲದಿಂದ ಪೆನ್ನು ತೆಗೆದು, ಬಸ್ ಟಿಕೆಟ್ಟಿನ ಹಿಂದೆ ಲಾರಿಯ ನಂಬರನ್ನೂ ಹೊತ್ತನ್ನೂ ಬರೆದುಕೊಂಡೆ.